ಆಲೆಫ್‌ನಿಂದ ತಾವ್‌ವರೆಗೆ: ಬಾಯಿಪಾಠದ ಹೀಬ್ರೂ ಹಾದಿ

ಯೆಹೂದಿಗಳು ದಿನಕ್ಕೆ ಮೂರು ಸಲ ಹೇಳಬೇಕಾದ ಕೀರ್ತನೆಯೊಂದಿದೆ. ಬೆಳಗಿನ ಪ್ರಾರ್ಥನೆಯಲ್ಲಿ ಎರಡು ಸಲ, ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಒಂದು ಸಲ. ಬೈಬಲಿನ 150 ಕೀರ್ತನೆಗಳಲ್ಲಿ ಇದು 145ನೆಯದು. ಸಿನಗಾಗ್‌ಗಳಲ್ಲಿ ಪುಸ್ತಕ ತೆರೆಯದೆಯೇ ಇದನ್ನು ಹೇಳಿ ಮುಗಿಸುವವರು ಬಹಳ ಮಂದಿ. ಅದಕ್ಕೆ ನಿತ್ಯದ ರೂಢಿಯೊಂದೇ ಕಾರಣವಲ್ಲ. ಕೀರ್ತನೆಯ ಮೊದಲ ಸಾಲು ಹೀಬ್ರೂ ವರ್ಣಮಾಲೆಯ ಮೊದಲ ಅಕ್ಷರವಾದ ಆಲೆಫ್‌ನಿಂದ ಶುರುವಾಗುತ್ತದೆ, ಎರಡನೆಯದು ಬೇತ್‌ನಿಂದ, ಮೂರನೆಯದು ಗಿಮೆಲ್‌ನಿಂದ. ಹೀಗೆಯೇ ಕೊನೆಯ ಅಕ್ಷರ ತಾವ್‌ವರೆಗೆ. ಒಂದು ಸಾಲು ಮುಗಿಯುವ ಹೊತ್ತಿಗೆ ಮುಂದಿನ ಸಾಲಿನ ಮೊದಲ ಅಕ್ಷರ ಯಾವುದೆಂದು ಹೇಳುವವರಿಗೆ ಗೊತ್ತಿರುತ್ತದೆ. ಅದನ್ನವರು ಕಲಿತದ್ದು ನಾಲ್ಕೈದನೇ ವಯಸ್ಸಿನಲ್ಲಿ, ಅಕ್ಷರಾಭ್ಯಾಸದ ದಿನಗಳಲ್ಲಿ.

ಹೀಬ್ರೂ ಅಕ್ಷರಗಳು ಒಟ್ಟು 22. ಕೀರ್ತನೆಯ ಸಾಲುಗಳೂ 22 ಇರಬೇಕಿತ್ತು. ಇರುವುದು 21. ಮೇಮ್ ಆದ ಮೇಲೆ ನೂನ್ ಬರಬೇಕಾದ ಜಾಗದಲ್ಲಿ ನೇರವಾಗಿ ಸಾಮೆಖ್ ಬಂದುಬಿಡುತ್ತದೆ.

ಅಕ್ಷರಕ್ರಮವಿಲ್ಲದ ಬೇರೆ ಯಾವುದೇ ಕೀರ್ತನೆಯಿಂದ ಒಂದು ಸಾಲು ಎಂದೋ ಬಿದ್ದುಹೋಗಿದ್ದರೆ ಅದು ಯಾರ ಗಮನಕ್ಕೂ ಬರುವಂತಿರಲಿಲ್ಲ. ಇಲ್ಲಿ ಮಾತ್ರ ಆಗಷ್ಟೇ ಅಕ್ಷರ ಕಲಿತ ಮಗುವೂ ಬೆರಳಿಟ್ಟು ತೋರಿಸಬಹುದು. ಮೂರನೇ ಶತಮಾನದಲ್ಲಿ ತಿಬೇರಿಯಸ್‌ನಲ್ಲಿ ಪಾಠ ಹೇಳುತ್ತಿದ್ದ ರಬ್ಬಿ ಯೋಹಾನನ್ ಈ ಕೊರತೆಗೆ ಕಾರಣ ಕೊಟ್ಟದ್ದು ಯೆಹೂದಿ ಶಾಸ್ತ್ರಚರ್ಚೆಗಳ ಗ್ರಂಥವಾದ ತಾಲ್ಮುದ್‌ನಲ್ಲಿ ದಾಖಲಾಗಿದೆ. ಪ್ರವಾದಿ ಆಮೋಸನ ಗ್ರಂಥದಲ್ಲಿ ಇಸ್ರಾಯೇಲಿನ ಪತನವನ್ನು ಸಾರುವ ವಚನ ನೂನ್‌ನಿಂದಲೇ ಆರಂಭವಾಗುತ್ತದೆ, ಆ ಅಶುಭ ಬೇಡವೆಂದು ಕೀರ್ತನೆಯ ಕರ್ತೃ ದಾವೀದ ಆ ಅಕ್ಷರವನ್ನೇ ಬಿಟ್ಟ ಎಂಬುದು ಅವರ ವಿವರಣೆ. ಅವರ ನಂತರದ ಕಾಲದ ಇನ್ನೊಬ್ಬ ವಿದ್ವಾಂಸರು ಇದಕ್ಕೆ ಒಂದು ಮಾತು ಸೇರಿಸಿದರು: ನೂನ್ ಬಿಟ್ಟ ಕೂಡಲೇ ಬರುವ ಸಾಮೆಖ್ ಸಾಲು ಬಿದ್ದವರನ್ನು ದೇವರು ಎತ್ತಿ ಹಿಡಿಯುತ್ತಾನೆ ಎನ್ನುತ್ತದಲ್ಲ, ಅದೇ ದಾವೀದನ ಸಮಾಧಾನ.

1956ರಲ್ಲಿ ಮೃತ ಸಮುದ್ರದ ದಂಡೆಯ ಕುಮ್ರಾನ್‌ನಲ್ಲಿ ಬೆದೂಯಿನ್ ಪಶುಪಾಲಕರಿಗೆ ಹನ್ನೊಂದನೇ ಗವಿ ಸಿಕ್ಕಿತು. ಅಲ್ಲಿದ್ದ ಚರ್ಮದ ಸುರುಳಿಗಳಲ್ಲಿ ಒಂದು ಕೀರ್ತನೆಗಳ ದೊಡ್ಡ ಸುರುಳಿ. 1961ರಲ್ಲಿ ಅದನ್ನು ಬಿಡಿಸಿದ ಅಮೆರಿಕದ ವಿದ್ವಾಂಸ ಜೇಮ್ಸ್ ಸ್ಯಾಂಡರ್ಸ್ 1965ರಲ್ಲಿ ಪ್ರಕಟಿಸಿದರು. 145ನೇ ಕೀರ್ತನೆ ಅದರಲ್ಲಿತ್ತು. ನೂನ್ ಸಾಲೂ ಇತ್ತು! ಪ್ರಾಚೀನ ಗ್ರೀಕ್ ಮತ್ತು ಸಿರಿಯಾಕ್ ಅನುವಾದಗಳಲ್ಲೂ ಆ ಸಾಲು ಮೊದಲಿನಿಂದ ಇತ್ತು, ಆದರೆ ಹೀಬ್ರೂವಿನಲ್ಲಿ ಇಷ್ಟು ಹಳೆಯ ಸಾಕ್ಷಿ ಸಿಕ್ಕಿರಲಿಲ್ಲ. ಅದು ಮೂಲ ಸಾಲೇ ಎಂದು ಎಲ್ಲರೂ ಒಪ್ಪುವುದಿಲ್ಲ. ಖಾಲಿ ಜಾಗ ಕಂಡು ತಡೆಯಲಾರದೆ ಯಾರೋ ಹೊಸದಾಗಿ ಕಟ್ಟಿ ಸೇರಿಸಿದ್ದು ಎನ್ನುವ ಪಂಡಿತರೂ ಇದ್ದಾರೆ. ಯಾವುದು ನಿಜವಾದರೂ ಅಕ್ಷರಕ್ರಮದ ಬಲ ಎಂಥದ್ದೆಂದು ತಿಳಿಯುತ್ತದೆ. ಮುಂದೆ ಏನೆಂದು ನೆನಪಿಸುವುದು ಅದರ ಅರ್ಧ ಕೆಲಸ ಮಾತ್ರ. ಯಾವುದು ತಪ್ಪಿಹೋಗಿದೆ ಎಂದು ಹೇಳುವುದು ಉಳಿದರ್ಧ. ಶತಮಾನಗಟ್ಟಲೆ ಬಾಯಿಂದ ಬಾಯಿಗೆ, ಸುರುಳಿಯಿಂದ ಸುರುಳಿಗೆ ದಾಟಬೇಕಾದ ಗ್ರಂಥಕ್ಕೆ ಈ ಎರಡನೆಯ ಕೆಲಸವೇ ಹೆಚ್ಚು ಬೆಲೆಯುಳ್ಳದ್ದು.

ಹೀಗೆ ಅಕ್ಷರಕ್ರಮದಲ್ಲಿ ಹೆಣೆದ ಭಾಗಗಳು ಹೀಬ್ರೂ ಬೈಬಲಿನಲ್ಲಿ ಹಲವು. ಕೀರ್ತನೆಗಳಲ್ಲಿ 25, 34, 37, 111, 112, 119, 145. ಜ್ಞಾನೋಕ್ತಿಗಳ ಕೊನೆಯಲ್ಲಿ ಗುಣವತಿ ಗೃಹಿಣಿಯನ್ನು ಕೊಂಡಾಡುವ 22 ವಚನಗಳು. ಶುಕ್ರವಾರ ರಾತ್ರಿ ಸಬ್ಬತ್ ಊಟಕ್ಕೆ ಮುನ್ನ ಯೆಹೂದಿ ಮನೆಗಳಲ್ಲಿ ಇವನ್ನು ಹಾಡುತ್ತಾರೆ. ಪ್ರಲಾಪಗಳ ಮೊದಲ ನಾಲ್ಕು ಅಧ್ಯಾಯಗಳು. ನಹೂಮನ ಮೊದಲ ಅಧ್ಯಾಯದಲ್ಲಿ ಅರ್ಧಕ್ಕೇ ನಿಂತುಹೋದ ಒಂದು ಸರಣಿ. 9 ಮತ್ತು 10ನೇ ಕೀರ್ತನೆಗಳ ಕಥೆ ಸ್ವಾರಸ್ಯವಾದದ್ದು. ಹೀಬ್ರೂವಿನಲ್ಲಿ ಅವು ಎರಡು, ಗ್ರೀಕ್ ಅನುವಾದದಲ್ಲಿ ಒಂದೇ. ಒಂಬತ್ತರಲ್ಲಿ ಆರಂಭವಾದ ಅಕ್ಷರಸರಣಿ ಅಲ್ಲಲ್ಲಿ ಮುಕ್ಕಾಗಿದ್ದರೂ ಹತ್ತರಲ್ಲಿ ಮುಂದುವರಿದು ತಾವ್‌ಗೆ ಮುಟ್ಟುತ್ತದೆ. ಎರಡೂ ಮೊದಲು ಒಂದೇ ಆಗಿದ್ದವು ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಇವೆಲ್ಲಕ್ಕೂ ಹಿರಿದು 119ನೇ ಕೀರ್ತನೆ. ಬೈಬಲಿನ ಅತಿ ಉದ್ದದ ಅಧ್ಯಾಯವಿದು. ಒಂದೊಂದು ಅಕ್ಷರಕ್ಕೆ ಎಂಟೆಂಟು ವಚನ, 22 ಅಕ್ಷರಕ್ಕೆ 176. ಆಲೆಫ್ ಗುಚ್ಛದ ಎಂಟೂ ವಚನಗಳು ಆಲೆಫ್‌ನಿಂದ, ಬೇತ್ ಗುಚ್ಛದ ಎಂಟೂ ಬೇತ್‌ನಿಂದ. ವಿಷಯ ಒಂದೇ: ದೇವರು ಕೊಟ್ಟ ಧರ್ಮಶಾಸ್ತ್ರದ ಮೇಲಿನ ಪ್ರೀತಿ. ಅದನ್ನು ಹೇಳಲು ಎಂಟು ಸಮಾನಾರ್ಥಕ ಪದಗಳು ಮತ್ತೆಮತ್ತೆ ಬರುತ್ತವೆ. ಮೇಲುಮೇಲೆ ಓದಿದವರಿಗೆ ಪುನರುಕ್ತಿ ಅನಿಸಬಹುದು. ಹತ್ತಿರ ಹೋಗಿ ನೋಡಿದರೆ ಒಂದೊಂದು ಅಕ್ಷರವೂ ತನ್ನ ಗುಚ್ಛಕ್ಕೆ ತನ್ನದೇ ಬಣ್ಣ ಕೊಟ್ಟಿರುವುದು ಕಾಣುತ್ತದೆ.

ಐದನೇ ಅಕ್ಷರ ಹೇ ಗುಚ್ಛವನ್ನೇ ನೋಡಿ. ಕನ್ನಡದಲ್ಲಿ ಕ್ರಿಯಾಪದದ ಕೊನೆಗೆ ‘ಇಸು’ ಹಚ್ಚಿ ಮಾಡುವ ಕೆಲಸವನ್ನು ಹೀಬ್ರೂ ಪದದ ಮುಂದೆ ‘ಹ’ಕಾರ ಹಚ್ಚಿ ಮಾಡುತ್ತದೆ. ಹೇ ಅಕ್ಷರದ ಎಂಟು ವಚನಗಳಲ್ಲಿ ಏಳು ಅಂಥ ಕ್ರಿಯಾಪದದಿಂದಲೇ ಶುರು: ಕಲಿಸು, ತಿಳಿಸು, ನಡೆಸು, ಬಾಗಿಸು, ತಪ್ಪಿಸು, ನೆರವೇರಿಸು, ಮತ್ತೊಮ್ಮೆ ತಪ್ಪಿಸು. ಅಕ್ಷರದ ಕಟ್ಟುಪಾಡಿನಿಂದಾಗಿ ಇಡೀ ಗುಚ್ಛ ಒಂದೇ ಸ್ವರದ ಮೊರೆಯಾಗಿದೆ. ಆರನೇ ಅಕ್ಷರ ವಾವ್‌ನಿಂದ ಆರಂಭವಾಗುವ ಪದಗಳು ಹೀಬ್ರೂವಿನಲ್ಲಿ ಬೆರಳೆಣಿಕೆಯಷ್ಟು. ಆದರೆ ‘ಮತ್ತು’ ಎಂಬ ಅರ್ಥಕ್ಕೆ ಪದದ ಮುಂದೆ ಅಂಟುವುದೂ ಅದೇ ವಾವ್. ಹಾಗಾಗಿ ವಾವ್ ಗುಚ್ಛದ ಎಂಟೂ ವಚನಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಒಂದೇ ಉಸಿರಿನ ಮಾತಿನಂತೆ ಸಾಗುತ್ತವೆ. ಒಂಬತ್ತನೇ ಅಕ್ಷರ ತೇತ್. ‘ಒಳ್ಳೆಯದು’ ಎಂಬುದಕ್ಕೆ ಹೀಬ್ರೂ ಪದ ‘ತೋವ್’. ತೇತ್ ಗುಚ್ಛದ ಎಂಟರಲ್ಲಿ ಐದು ವಚನಗಳು ಅದೇ ಪದದಿಂದ ಇಲ್ಲವೇ ಅದರ ಒಡಹುಟ್ಟಿನಿಂದ ಆರಂಭವಾಗುತ್ತವೆ. ಕಷ್ಟ ಬಂದದ್ದೂ ನನಗೆ ಒಳ್ಳೆಯದೇ ಆಯಿತು ಎಂದು ಕೀರ್ತನಕಾರ ಹೇಳುವುದು ಇಲ್ಲಿಯೇ.

ಹೀಗೆ ಅಕ್ಷರ, ವ್ಯಾಕರಣ, ಭಾವ ಮೂರೂ ಸೇರಿ ನೆನಪನ್ನು ಹಿಡಿದಿಡುತ್ತವೆ. ಮನಶ್ಶಾಸ್ತ್ರಜ್ಞ ಡೇವಿಡ್ ರೂಬಿನ್ ಬಾಯಿಮಾತಿನ ಪರಂಪರೆಗಳ ಬಗ್ಗೆ 1995ರಲ್ಲಿ ಬರೆದ ಗ್ರಂಥದ ಮುಖ್ಯ ವಾದವೂ ಇದೇ ಬಗೆಯದು. ಅರ್ಥ, ಲಯ, ನಾದ ಇವು ಒಂದೊಂದಾಗಿ ನೆನಪಿಗೆ ಕೊಡುವ ಆಸರೆ ಸಣ್ಣದು. ಒಟ್ಟಿಗೆ ಸೇರಿದಾಗ ಮುಂದಿನ ಪದ ಇದೇ ಆಗಬೇಕು, ಬೇರೆ ಆಗಲಾರದು ಎನ್ನುವ ಮಟ್ಟಕ್ಕೆ ದಾರಿ ಕಿರಿದಾಗುತ್ತದೆ.

ಮಿತಿಗಳೂ ಇವೆ. ಎಂಟು ವಚನಗಳೂ ಒಂದೇ ಅಕ್ಷರದಿಂದ ಶುರುವಾದರೆ ಆ ಎಂಟರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಅಕ್ಷರ ಹೇಳುವುದಿಲ್ಲ. 119ನೇ ಕೀರ್ತನೆಯನ್ನು ಬಾಯಿಪಾಠ ಮಾಡುವವರು ತಡವರಿಸುವುದು ಗುಚ್ಛ ಬದಲಾಗುವಾಗ ಅಲ್ಲ, ಗುಚ್ಛದ ಒಳಗೆ. ಇನ್ನು ಅನುವಾದದಲ್ಲಿ ಓದುವವರಿಗಂತೂ ಈ ಆಸರೆಯೇ ಇಲ್ಲ. ಕನ್ನಡ ಬೈಬಲಿನಲ್ಲೂ ಅಷ್ಟೇ. 176 ವಚನಗಳ ಅರ್ಥ ಬಂದಿದೆ, ಅಕ್ಷರದ ಹೆಣಿಗೆ ಬರಲು ಸಾಧ್ಯವಿಲ್ಲ. ಇಂಗ್ಲಿಷ್ ಲೇಖಕ ಜಾನ್ ರಸ್ಕಿನ್‌ಗೆ ಬಾಲ್ಯದಲ್ಲಿ ತಾಯಿ ಬೈಬಲಿನ ಅಧ್ಯಾಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಎಲ್ಲಕ್ಕಿಂತ ಕಲಿಯಲು ಕಷ್ಟವಾದದ್ದು, ಆಗ ಮನಸ್ಸಿಗೆ ಹಿಡಿಸದೇ ಹೋದದ್ದು 119ನೇ ಕೀರ್ತನೆ ಎಂದು ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಕೊನೆಗೆ ಅದೇ ಎಲ್ಲಕ್ಕಿಂತ ಪ್ರಿಯವಾಯಿತಂತೆ. ಹೀಬ್ರೂ ಕಲಿತ ಮಗುವಿಗೆ ಸಿಗುವ ಅಕ್ಷರದ ಊರುಗೋಲು ಇಂಗ್ಲಿಷ್ ಮಗುವಿಗೆ ಸಿಕ್ಕಿರಲಿಲ್ಲ.

ಈ ಅಕ್ಷರಕ್ರಮ ಎಷ್ಟು ಹಳೆಯದು? 1976ರಲ್ಲಿ ಇಸ್ರೇಲಿನ ಇಜ್ಬೆತ್ ಸರ್ತಾ ಎಂಬಲ್ಲಿ ಮಣ್ಣಿನ ಪಾತ್ರೆಯ ಒಂದು ಚೂರು ಸಿಕ್ಕಿತು. ಮೂರು ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು. ಅದರ ಮೇಲೆ ಗೀಚಿದ ಐದು ಸಾಲುಗಳಲ್ಲಿ ಕೊನೆಯದು ವರ್ಣಮಾಲೆ. ಯಾರೋ ಕಲಿಯುತ್ತಿದ್ದವರು ಅಕ್ಷರ ತಿದ್ದಿದ್ದು ಎಂಬುದು ಹಲವು ವಿದ್ವಾಂಸರ ಅಂದಾಜು. ಸಿನಾಯ್ ಮರುಭೂಮಿಯ ಕುಂತಿಲೆತ್ ಅಜ್ರೂದ್‌ನಲ್ಲಿ ಸುಮಾರು 2800 ವರ್ಷ ಹಿಂದಿನ ದೊಡ್ಡ ಗುಡಾಣದ ಮೇಲೂ ಹೀಗೆಯೇ ಅಕ್ಷರ ತಿದ್ದಿದ ಗುರುತುಗಳಿವೆ. ಎರಡೂ ಕಡೆ ಒಂದು ವಿಶೇಷ ಉಂಟು. ಈಗಿನ ಕ್ರಮದಲ್ಲಿ ಆಯಿನ್ ಮೊದಲು, ಪೇ ಆಮೇಲೆ. ಅಲ್ಲಿ ಪೇ ಮೊದಲು.

ಇದನ್ನು ತಲೆಯಲ್ಲಿಟ್ಟುಕೊಂಡು ಪ್ರಲಾಪಗಳ ಪುಸ್ತಕ ತೆರೆಯಬೇಕು. ಕ್ರಿಸ್ತಪೂರ್ವ 586ರಲ್ಲಿ ಬಾಬಿಲೋನಿನ ಸೇನೆ ಜೆರುಸಲೇಮನ್ನು ಸುಟ್ಟ ದುರಂತಕ್ಕೆ ಮಿಡಿದ ಐದು ಶೋಕಗೀತೆಗಳವು. ಮೊದಲ ಅಧ್ಯಾಯದಲ್ಲಿ ಆಯಿನ್ ಆದ ಮೇಲೆ ಪೇ. ಎರಡು, ಮೂರು, ನಾಲ್ಕನೇ ಅಧ್ಯಾಯಗಳಲ್ಲಿ ಪೇ ಆದ ಮೇಲೆ ಆಯಿನ್! ಇದು ನಕಲುಗಾರರ ಕೈತಪ್ಪೆಂದು ಬಹಳ ಕಾಲ ಭಾವಿಸಿದವರಿದ್ದರು. ಮಣ್ಣಿನ ಚೂರುಗಳು ಸಿಕ್ಕ ಮೇಲೆ ಆ ಮಾತು ನಿಲ್ಲಲಿಲ್ಲ. ಹಿಂದೆ ಎರಡು ಕ್ರಮಗಳೂ ಚಾಲ್ತಿಯಲ್ಲಿದ್ದವು, ಕವಿಗಳು ತಾವು ಕಲಿತ ಮಗ್ಗಿಯಂತೆ ಬರೆದರು ಎಂಬುದೇ ಸರಿಯಾದ ಉತ್ತರವಾಗಿ ಕಾಣುತ್ತದೆ. ಕುಮ್ರಾನ್‌ನಲ್ಲಿ ಸಿಕ್ಕ ಪ್ರಲಾಪಗಳ ಒಂದು ಪ್ರತಿಯಲ್ಲಿ ಮೊದಲ ಅಧ್ಯಾಯದಲ್ಲೂ ಪೇ ಮೊದಲೇ ಇದೆ. ಬಾಲ್ಯದಲ್ಲಿ ಯಾರೋ ತಿದ್ದಿದ ಅಕ್ಷರಗಳ ಸಾಲು ಪವಿತ್ರ ಗ್ರಂಥದ ಒಳಗೆ ಹೀಗೆ ಅಚ್ಚಳಿಯದೆ ಉಳಿದಿದೆ.

ಮೂರನೇ ಅಧ್ಯಾಯದಲ್ಲಿ ಒಂದೊಂದು ಅಕ್ಷರಕ್ಕೆ ಮೂರು ವಚನ, ಒಟ್ಟು 66. ಐದನೆಯದರಲ್ಲಿ ವಚನಗಳು 22 ಇದ್ದರೂ ಅಕ್ಷರಕ್ರಮವಿಲ್ಲ. ದುಃಖ ಕಟ್ಟುಪಾಡನ್ನು ಮೀರಿತೇ, ಅಥವಾ ಅದನ್ನು ಬರೆದವರೇ ಬೇರೆಯೇ ಎಂಬ ಚರ್ಚೆ ನಡೆದೇ ಇದೆ.

ಮಕ್ಕಳ ಕಡೆಗೆ ಬರೋಣ. ನೆನಪಿನ ಈ ಕಟ್ಟಡಕ್ಕೆಲ್ಲ ತಳಪಾಯ ಬೀಳುವುದು ಅವರಲ್ಲೇ. ಮಧ್ಯಯುಗದ ಜರ್ಮನಿ ಮತ್ತು ಉತ್ತರ ಫ್ರಾನ್ಸಿನ ಯೆಹೂದಿಗಳಲ್ಲಿ ಅಕ್ಷರಾಭ್ಯಾಸಕ್ಕೆ ಒಂದು ದೊಡ್ಡ ವಿಧಿಯೇ ಇತ್ತು. ವರ್ಮ್ಸ್ ಪಟ್ಟಣದ ರಬ್ಬಿ ಎಲಿಯಾಜರ್ ಅದನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಶಾವೂಓತ್ ಹಬ್ಬದ ದಿನ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗುರುವಿನ ಬಳಿ ಕರೆತರುತ್ತಿದ್ದರು. ಗುರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಲಗೆಯ ಮೇಲಿದ್ದ ಅಕ್ಷರಗಳನ್ನು ಆಲೆಫ್‌ನಿಂದ ತಾವ್‌ಗೆ, ಮತ್ತೆ ತಾವ್‌ನಿಂದ ಆಲೆಫ್‌ಗೆ ಓದಿಸುತ್ತಿದ್ದರು. ಆಮೇಲೆ ಹಲಗೆಗೆ ಜೇನು ಸವರಿ ಅಕ್ಷರಗಳನ್ನು ನೆಕ್ಕಿಸುವುದು. ವಚನಗಳನ್ನು ಬರೆದ ರೊಟ್ಟಿಯನ್ನೂ ಬೇಯಿಸಿ ಸುಲಿದ ಮೊಟ್ಟೆಯನ್ನೂ ಮಗುವಿಗೆ ತಿನ್ನಿಸುವುದು. ಮರೆವಿನ ಅಧಿದೇವತೆ ಮಗುವಿನಿಂದ ದೂರ ಸರಿಯಲೆಂದು ಒಂದು ಮಂತ್ರವನ್ನೂ ಹೇಳುತ್ತಿದ್ದರು.

ಅಕ್ಷರಗಳನ್ನು ಹಿಂದುಮುಂದಾಗಿ ಓದಿಸುವುದರ ಹಿಂದೆ ಇನ್ನೂ ಹಳೆಯ ನೆನಪಿದೆ. ಬರೆದಿಟ್ಟ ಧರ್ಮಶಾಸ್ತ್ರವನ್ನು ಮಾತ್ರ ಒಪ್ಪುತ್ತೇನೆ, ಬಾಯಿಮಾತಿನ ಪರಂಪರೆಯನ್ನು ನಂಬಲಾರೆ ಎಂದು ಒಬ್ಬ ಪರಕೀಯ ಹಿಲ್ಲೇಲ್ ಎಂಬ ಹಿರಿಯ ಗುರುವಿನ ಬಳಿ ಬಂದನಂತೆ. ಹಿಲ್ಲೇಲ್ ಮೊದಲ ದಿನ ಆಲೆಫ್, ಬೇತ್, ಗಿಮೆಲ್, ದಾಲೆತ್ ಎಂದು ಕಲಿಸಿದರು. ಮರುದಿನ ಅದನ್ನೇ ತಲೆಕೆಳಗು ಮಾಡಿ ಹೇಳಿದರು. ನಿನ್ನೆ ಹೀಗಿರಲಿಲ್ಲವಲ್ಲ ಎಂದು ಆತ ಕೇಳಿದ. ಅಕ್ಷರಗಳ ಕ್ರಮಕ್ಕೆ ನನ್ನ ಬಾಯನ್ನೇ ನಂಬಿದೆಯಲ್ಲವೇ, ಹಾಗಾದರೆ ಉಳಿದದ್ದಕ್ಕೂ ನಂಬು ಎಂಬುದು ಹಿಲ್ಲೇಲರ ಉತ್ತರ.

ತಾಲ್ಮುದ್‌ನ ‘ಶಬ್ಬಾತ್’ ಭಾಗದಲ್ಲಿ ಮಕ್ಕಳದ್ದೇ ಒಂದು ಪ್ರಸಂಗವಿದೆ. ಪಾಠಶಾಲೆಗೆ ಬಂದ ಚಿಕ್ಕ ಮಕ್ಕಳು ಹಿರಿಯರಿಗೇ ಹೊಳೆಯದಿದ್ದ ಮಾತು ಹೇಳಿದರೆಂದು ವಿದ್ವಾಂಸರು ಬೆರಗಿನಿಂದ ವರದಿ ಮಾಡುತ್ತಾರೆ. ಆಲೆಫ್, ಬೇತ್ ಎಂದರೆ ವಿವೇಕವನ್ನು ಕಲಿ. ಗಿಮೆಲ್, ದಾಲೆತ್ ಎಂದರೆ ಬಡವರಿಗೆ ಕೊಡು. ಗಿಮೆಲ್ ಅಕ್ಷರದ ಕಾಲು ದಾಲೆತ್ ಕಡೆಗೆ ಚಾಚಿರುವುದೇಕೆ? ಕೊಡುವವನು ಬಡವನನ್ನು ಹುಡುಕಿಕೊಂಡು ಓಡಬೇಕು, ಅದಕ್ಕೆ. ದಾಲೆತ್‌ನ ಮುಖ ಗಿಮೆಲ್‌ಗೆ ಬೆನ್ನು ಹಾಕಿರುವುದೇಕೆ? ಇಸಿದುಕೊಳ್ಳುವವನಿಗೆ ನಾಚಿಕೆಯಾಗದಂತೆ ಗುಟ್ಟಾಗಿ ಕೊಡಬೇಕು, ಅದಕ್ಕೆ. ಹೀಗೆ ಕೊನೆಯ ಅಕ್ಷರದವರೆಗೂ ಸಾಗುತ್ತದೆ.

ಅದೇ ಭಾಗದಲ್ಲಿ ಸುಳ್ಳು ಮತ್ತು ಸತ್ಯದ ಮಾತು ಬರುತ್ತದೆ. ಸುಳ್ಳಿಗೆ ಹೀಬ್ರೂವಿನಲ್ಲಿ ‘ಶೆಕೆರ್’. ಅದರ ಮೂರು ಅಕ್ಷರಗಳಾದ ಕೋಫ್, ರೇಶ್, ಶಿನ್ ವರ್ಣಮಾಲೆಯಲ್ಲಿ ಅಕ್ಕಪಕ್ಕದಲ್ಲೇ ಇವೆ. ಸತ್ಯಕ್ಕೆ ‘ಎಮೆತ್’. ಅದರ ಆಲೆಫ್, ಮೇಮ್, ತಾವ್ ವರ್ಣಮಾಲೆಯ ಆದಿ, ಮಧ್ಯ, ಅಂತ್ಯದಲ್ಲಿವೆ. ಸುಳ್ಳು ಎಲ್ಲೆಂದರಲ್ಲಿ ಸಿಗುತ್ತದೆ, ಸತ್ಯ ದೂರದೂರದಲ್ಲಿ. ಸುಳ್ಳಿನ ಅಕ್ಷರಗಳು ಒಂಟಿ ಕಾಲಿನ ಮೇಲೆ ನಿಂತಿವೆ, ಸತ್ಯದ ಅಕ್ಷರಗಳಿಗೆ ಅಗಲವಾದ ಪಾದವಿದೆ. ಹೀಬ್ರೂ ಲಿಪಿಯ ಪುಟವೊಂದನ್ನು ಮುಂದಿಟ್ಟುಕೊಂಡು ಇದನ್ನು ಒಮ್ಮೆ ಕೇಳಿದ ಮಗು ಆ ಆರು ಅಕ್ಷರಗಳ ಆಕಾರವನ್ನೂ ಸ್ಥಾನವನ್ನೂ ಮರೆಯುವುದುಂಟೇ? ಬೋಧನೆಯ ಜಾಣ್ಮೆಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಇಲ್ಲಿ ಅಕ್ಷರ ನೀತಿಯನ್ನು ನೆನಪಿಸುತ್ತದೆ, ನೀತಿ ಅಕ್ಷರವನ್ನು ನೆನಪಿಸುತ್ತದೆ.

ತಾಲ್ಮುದ್ ತಾನೇ ಬಹುಕಾಲ ಬಾಯಿಪಾಠದಲ್ಲಿ ಬಾಳಿದ ಗ್ರಂಥ. ನೆನಪಿನ ಗುರುತಿಗೆ ಅದರಲ್ಲಿ ‘ಸಿಮಾನ್’ ಎನ್ನುತ್ತಾರೆ. ಸಿಮಾನ್ ಇಲ್ಲದೆ ಶಾಸ್ತ್ರ ದಕ್ಕುವುದಿಲ್ಲ ಎಂದು ‘ಎರೂವೀನ್’ ಭಾಗ ಸ್ಪಷ್ಟವಾಗಿ ಹೇಳುತ್ತದೆ. ಯೆಹೂದ ಸೀಮೆಯವರು ಸಿಮಾನ್‌ಗಳನ್ನು ಇಟ್ಟುಕೊಂಡು ಕಲಿತರು, ಅವರ ವಿದ್ಯೆ ಉಳಿಯಿತು. ಗಲಿಲಾಯದವರು ಇಟ್ಟುಕೊಳ್ಳಲಿಲ್ಲ, ಉಳಿಯಲಿಲ್ಲ ಎಂಬ ಖಾರದ ಹೋಲಿಕೆಯೂ ಅಲ್ಲಿಯೇ ಇದೆ. ಅಬ್ಬಾಯೆ ಮತ್ತು ರಾವಾ ಎಂಬ ಇಬ್ಬರು ಪಂಡಿತರ ನಡುವಿನ ಅಸಂಖ್ಯ ವಾದಗಳಲ್ಲಿ ತೀರ್ಪು ರಾವಾ ಕಡೆಗೆ. ಆರರಲ್ಲಿ ಮಾತ್ರ ಅಬ್ಬಾಯೆ ಕಡೆಗೆ. ಆ ಆರು ಯಾವುವೆಂದು ತಾಲ್ಮುದ್ ಪಟ್ಟಿ ಕೊಡುವುದಿಲ್ಲ, ಆರು ಅಕ್ಷರ ಕೊಡುತ್ತದೆ: ‘ಯಅಲ್ ಕಗಮ್’. ಯೋದ್, ಆಯಿನ್, ಲಾಮೆದ್, ಕೋಫ್, ಗಿಮೆಲ್, ಮೇಮ್. ಒಂದೊಂದೂ ಒಂದೊಂದು ಮೊಕದ್ದಮೆಯ ಮೊದಲಕ್ಷರ. ತಾಲ್ಮುದ್ ಓದುವ ವಿದ್ಯಾರ್ಥಿಗಳ ನಾಲಿಗೆಯ ಮೇಲೆ ಈ ಅರ್ಥವಿಲ್ಲದ ಪದ ಇಂದಿಗೂ ಇದೆ.

ಮನೆಮನೆಯಲ್ಲೂ ಕೇಳಸಿಗುವ ಸಿಮಾನ್ ಪಸ್ಕ ಹಬ್ಬದ ರಾತ್ರಿಯದು. ಈಜಿಪ್ಟಿನ ಮೇಲೆ ಬಂದ ಹತ್ತು ಬಾಧೆಗಳನ್ನು ರಬ್ಬಿ ಯೆಹೂದಾ ಮೂರು ಪದಗಳಲ್ಲಿ ಕಟ್ಟಿದರೆಂದು ಆ ರಾತ್ರಿ ಓದುವ ಹಗ್ಗಾದಾ ಹೇಳುತ್ತದೆ: ದೆತ್ಸಖ್, ಅದಶ್, ಬೆಅಖಬ್. ರಕ್ತ, ಕಪ್ಪೆ, ಹೇನುಗಳಿಗೆ ಮೊದಲ ಪದ. ಹುಳಹುಪ್ಪಟೆ, ಜಾನುವಾರುಗಳ ಜಾಡ್ಯ, ಹುಣ್ಣಿಗೆ ಎರಡನೆಯದು. ಆಲಿಕಲ್ಲು, ಮಿಡತೆ, ಕತ್ತಲೆ, ಚೊಚ್ಚಲುಗಳ ಸಾವಿಗೆ ಮೂರನೆಯದು. ಹತ್ತು ಹೆಸರು ನೆನಪಿಡಲು ಇಷ್ಟೆಲ್ಲ ಏಕೆ ಎನ್ನುವವರಿಗೆ ಉತ್ತರವಿದೆ. 78 ಮತ್ತು 105ನೇ ಕೀರ್ತನೆಗಳಲ್ಲಿ ಇದೇ ಬಾಧೆಗಳು ಬೇರೆ ಕ್ರಮದಲ್ಲಿ ಬರುತ್ತವೆ. ವಿಮೋಚನಕಾಂಡದ ಕ್ರಮ ಇದು ಎಂದು ಬೀಗ ಹಾಕಿಡುವುದು ಈ ಮೂರು ಪದ.

ಹೀಬ್ರೂ ಅಕ್ಷರಗಳು ಅಂಕಿಗಳೂ ಹೌದು. ಆಲೆಫ್ 1, ಬೇತ್ 2, ಯೋದ್ 10, ಕಾಫ್ 20, ಕೋಫ್ 100. ಮೇಳಕರ್ತ ರಾಗದ ಹೆಸರಿನ ಮೊದಲೆರಡು ಅಕ್ಷರಗಳಿಂದ ಕಟಪಯಾದಿ ಸೂತ್ರದಂತೆ ಅದರ ಸಂಖ್ಯೆ ತೆಗೆಯುವ ಸಂಗೀತ ವಿದ್ಯಾರ್ಥಿಗಳಿಗೆ ಇದರ ಉಪಯೋಗ ಬಿಡಿಸಿ ಹೇಳಬೇಕಿಲ್ಲ. ಧರ್ಮಶಾಸ್ತ್ರವನ್ನು ವಾರಕ್ಕೊಂದು ಭಾಗದಂತೆ ಓದುವ ಯೆಹೂದಿಗಳ ಬೈಬಲಿನಲ್ಲಿ ಪ್ರತಿ ಭಾಗದ ಕೊನೆಗೆ ವಚನಗಳ ಸಂಖ್ಯೆ, ಅದರ ಜೊತೆಗೆ ಒಂದು ಹೆಸರು ಇರುತ್ತದೆ. ಆದಿಕಾಂಡದ ಮೊದಲ ವಾರದ ಭಾಗದಲ್ಲಿ 146 ವಚನ; ಸಿಮಾನ್ ‘ಅಮತ್ಸ್ಯಾಹ್’, ಯೆಹೂದದ ಒಬ್ಬ ಅರಸನ ಹೆಸರು. ಆಲೆಫ್ 1, ಮೇಮ್ 40, ತ್ಸಾದಿ 90, ಯೋದ್ 10, ಹೇ 5. ಕೂಡಿದರೆ 146. ಎರಡನೇ ವಾರ ನೋಹನ ಕಥೆ, 153 ವಚನ. ಸಿಮಾನ್ ‘ಬೆತ್ಸಲೇಲ್’, ಗುಡಾರದ ದೇವಾಲಯ ಕಟ್ಟಿದ ಶಿಲ್ಪಿ: 2, 90, 30, 1, 30. ಒಂದು ವಚನ ಬಿಟ್ಟು ನಕಲು ಮಾಡಿದ ಲಿಪಿಕಾರ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾನೆ.

ಈ ಕಾವಲನ್ನು ಪರಾಕಾಷ್ಠೆಗೆ ಒಯ್ದವರು ಮಸೋರಾ ಪಂಡಿತರು. ತಿಬೇರಿಯಸ್‌ನ ಬೆನ್ ಆಶೇರ್ ಮನೆತನ ಅವರಲ್ಲಿ ಹೆಸರುವಾಸಿ. ಸುಮಾರು 930ರ ಅಲೆಪ್ಪೊ ಪ್ರತಿಯಲ್ಲಾಗಲಿ, ಕೈರೋದಲ್ಲಿ 1008ರ ಸುಮಾರಿಗೆ ಬರೆದು ಈಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿರುವ ಪ್ರತಿಯಲ್ಲಾಗಲಿ ಅಂಚಿನ ಜಾಗದಲ್ಲಿ ಸಣ್ಣ ಅಕ್ಷರಗಳು ತುಂಬಿವೆ. ಪದದ ಪಕ್ಕ ಬೇತ್ ಇದ್ದರೆ ಈ ರೂಪ ಬೈಬಲಿನಲ್ಲಿ ಎರಡು ಸಲ ಬರುತ್ತದೆ ಎಂದರ್ಥ. ಗಿಮೆಲ್ ಇದ್ದರೆ ಮೂರು ಸಲ. ಲಾಮೆದ್ ಇದ್ದರೆ ಇನ್ನೆಲ್ಲೂ ಇಲ್ಲ, ಇದೊಂದೇ. ಪದ ಹುಡುಕುವ ಯಂತ್ರಗಳಿಗೆ ಸಾವಿರ ವರ್ಷ ಮೊದಲು ಇಡೀ ಬೈಬಲನ್ನು ತಲೆಯಲ್ಲಿಟ್ಟುಕೊಂಡು ಮಾಡಿದ ಲೆಕ್ಕವಿದು. ಅಲೆಪ್ಪೊ ಪ್ರತಿ 1947ರ ಗಲಭೆಯಲ್ಲಿ ಹಾನಿಗೊಂಡು ಧರ್ಮಶಾಸ್ತ್ರದ ಬಹುಪಾಲು ಹಾಳೆಗಳು ಕಳೆದುಹೋದವು. ಉಳಿದದ್ದು ಜೆರುಸಲೇಮಿನಲ್ಲಿದೆ.

ಅಕ್ಷರಕ್ರಮದ ಪದ್ಯಗಳು ನಿಜವಾಗಿಯೂ ಬಾಯಿಪಾಠಕ್ಕೆಂದೇ ಹುಟ್ಟಿದವೇ ಎಂದು ಕೇಳುವ ವಿದ್ವಾಂಸರಿದ್ದಾರೆ. ಸಾಲಿನ ಮೊದಲಕ್ಷರ ಕಿವಿಗಿಂತ ಕಣ್ಣಿಗೆ ಬೇಗ ಕಾಣುತ್ತದೆ. ಆಲೆಫ್‌ನಿಂದ ತಾವ್‌ವರೆಗೆ ಎಂದರೆ ಸಮಗ್ರತೆ, ಹೇಳಬೇಕಾದದ್ದೆಲ್ಲ ಹೇಳಿ ಮುಗಿಸಿದ ಭಾವ ಎಂಬುದು ಅವರ ವಾದ. 25 ಮತ್ತು 34ನೇ ಕೀರ್ತನೆಗಳಲ್ಲಿ ವಾವ್ ಸಾಲು ಬಿಟ್ಟು, ತಾವ್ ಆದ ಮೇಲೆ ಇನ್ನೊಂದು ಪೇ ಸಾಲು ಸೇರಿಸಲಾಗಿದೆ. ಆಗ ಮೊದಲ ಸಾಲು ಆಲೆಫ್, ನಡುವಿನದು ಲಾಮೆದ್, ಕೊನೆಯದು ಪೇ. ಮೂರೂ ಕೂಡಿದರೆ ‘ಆಲೆಫ್’ ಎಂಬ ಹೆಸರೇ ಆಗುತ್ತದೆ! ಇಂಥ ಕುಸುರಿ ಓದುಗನ ಕಣ್ಣನ್ನು ನಂಬಿಯೇ ಮಾಡಿದ್ದು ಎಂಬುದರಲ್ಲಿ ಹುರುಳಿದೆ. ಆದರೆ ಕಣ್ಣಿಗೂ ನಾಲಿಗೆಗೂ ನಡುವೆ ಗೋಡೆ ಎಬ್ಬಿಸುವುದು ಸರಿಯಲ್ಲ. ಹಳೆಯ ಕಾಲದಲ್ಲಿ ಓದುವುದೆಂದರೆ ಹೆಚ್ಚಾಗಿ ಗಟ್ಟಿಯಾಗಿ ಓದುವುದೇ. ಇನ್ನು ಒಬ್ಬ ಕವಿಯಂತೂ ತನ್ನ ಉದ್ದೇಶವನ್ನು ತಾನೇ ಬರೆದಿಟ್ಟಿದ್ದಾನೆ. ನಾಲ್ಕನೇ ಶತಮಾನದ ಕೊನೆಯಲ್ಲಿ ಉತ್ತರ ಆಫ್ರಿಕಾದ ಹಿಪ್ಪೊದಲ್ಲಿದ್ದ ಅಗಸ್ಟೀನ್ ದೊನಾತಸ್ ಪಂಥದ ವಿರುದ್ಧ ಲ್ಯಾಟಿನ್ ಅಕ್ಷರಕ್ರಮದಲ್ಲಿ ಒಂದು ಕೀರ್ತನೆ ಕಟ್ಟಿದರು. ಓದುಬರಹ ಬಾರದ ತೀರ ಸಾಮಾನ್ಯರಿಗೂ ವಿಷಯ ತಲುಪಲಿ, ಸಾಧ್ಯವಾದಷ್ಟು ನೆನಪಿನಲ್ಲಿ ನಾಟಲಿ ಎಂದೇ ಹಾಗೆ ಮಾಡಿದೆ ಎಂದು ಮುಪ್ಪಿನಲ್ಲಿ ತಮ್ಮ ಕೃತಿಗಳನ್ನು ಮರುಪರಿಶೀಲಿಸುವಾಗ ಹೇಳಿದರು.

ಅದೇ ಕಾಲದ ಕ್ರೈಸ್ತ ವಿದ್ವಾಂಸ ಜೆರೋಮ್ ರೋಮಿನಲ್ಲಿ ಪಾವುಲಾ ಎಂಬ ವಿಧವೆಗೆ ಹೀಬ್ರೂ ಅಕ್ಷರಗಳನ್ನೂ 119ನೇ ಕೀರ್ತನೆಯ ಕಟ್ಟನ್ನೂ ವಿವರಿಸಿ 384ರಲ್ಲಿ ಪತ್ರ ಬರೆದರು. ಆಕೆ ಹೀಬ್ರೂ ಕಲಿತು ಕೀರ್ತನೆಗಳನ್ನು ಆ ಭಾಷೆಯಲ್ಲೇ ಹಾಡುತ್ತಿದ್ದರಂತೆ. ಲ್ಯಾಟಿನ್ ಬೈಬಲಿನ ಪ್ರಲಾಪಗಳಲ್ಲಿ ಅಕ್ಷರಕ್ರಮ ಉಳಿಯುವಂತಿರಲಿಲ್ಲ. ಆದರೆ ಪ್ರತಿ ವಚನದ ಮುಂದೆ ಆಲೆಫ್, ಬೇತ್ ಎಂದು ಅಕ್ಷರದ ಹೆಸರು ಉಳಿಯಿತು. ಅದರಿಂದ ಒಂದು ಸೊಗಸಾದ ಸಂಗೀತ ಹುಟ್ಟಿತು. ಪವಿತ್ರ ವಾರದಲ್ಲಿ ಚರ್ಚುಗಳಲ್ಲಿ ಪ್ರಲಾಪಗಳನ್ನು ಹಾಡುವಾಗ ಆ ಹೆಸರುಗಳನ್ನೂ ಹಾಡುವುದು ಪದ್ಧತಿಯಾಯಿತು. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಟ್ಯಾಲಿಸ್, 18ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ಕೂಪ್ರೆಂ ಆ ಒಂದೊಂದು ಅಕ್ಷರಕ್ಕೂ ಉದ್ದುದ್ದ ಆಲಾಪ ಕೊಟ್ಟರು. ಕೂಪ್ರೆಂ ಕೃತಿಯಲ್ಲಿ ‘ಆಲೆಫ್’ ಎಂಬ ಒಂದೇ ಪದದ ಮೇಲೆ ಗಾಯಕಿಯ ದನಿ ಏರಿಳಿಯುತ್ತ ಸಾಗುವುದನ್ನು ಕೇಳಿದವರಿಗೆ ಅರ್ಥ ತಿಳಿಯದಿದ್ದರೂ ಆ ಅಕ್ಷರ ಮರೆಯುವುದಿಲ್ಲ.

20ನೇ ಶತಮಾನದಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ ಬೈಬಲನ್ನು ಅನುವಾದಿಸುವಾಗ ಹಟ ಹಿಡಿದು ಇಂಥ ಭಾಗಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲೇ ತಂದರು. ವಾಕ್ಯಗಳು ಅಲ್ಲಲ್ಲಿ ತಿಣುಕುತ್ತವೆ. ಆದರೂ ಮೂಲ ಕವಿ ಎಂಥ ಹಗ್ಗದ ಮೇಲೆ ನಡೆದನೆಂದು ಇಂಗ್ಲಿಷ್ ಓದುಗರಿಗೆ ತೋರಿಸಿದ ಪ್ರಯತ್ನ ದೊಡ್ಡದು.

ಅನುವಾದದಲ್ಲಿ ಮರೆಯಾದದ್ದು ಮರಳಿ ಸಿಕ್ಕಿದ್ದೂ ಉಂಟು. ಸಿರಾಖನ ಗ್ರಂಥ ಎಂಬ ಹಳೆಯ ಯೆಹೂದಿ ಕೃತಿ ಬಹುಕಾಲ ಗ್ರೀಕ್ ಮತ್ತು ಸಿರಿಯಾಕ್ ಅನುವಾದಗಳಲ್ಲಷ್ಟೇ ತಿಳಿದಿತ್ತು. ಅದರ ಕೊನೆಯ ಅಧ್ಯಾಯದ ಪದ್ಯ ಮೂಲದಲ್ಲಿ ಅಕ್ಷರಕ್ರಮದಲ್ಲಿದ್ದಿರಬೇಕು ಎಂದು ಗುಸ್ಟಾವ್ ಬಿಕ್ಕೆಲ್ 1882ರಲ್ಲಿ ಊಹಿಸಿದರು. ಕುಮ್ರಾನ್‌ನ ಅದೇ ಕೀರ್ತನೆಗಳ ಸುರುಳಿಯಲ್ಲಿ ಆ ಪದ್ಯದ ಹೀಬ್ರೂ ಮೂಲ ಸಿಕ್ಕಿತು. ಆಲೆಫ್, ಬೇತ್, ಗಿಮೆಲ್ ಸಾಲಾಗಿ ನಿಂತಿದ್ದವು.

ಅಕ್ಷರಕ್ರಮದ ಈ ಪದ್ಧತಿ ಇಂದಿಗೂ ನಿತ್ಯಜೀವನದಲ್ಲಿ ಓಡಾಡಿಕೊಂಡಿದೆ. ಯೋಮ್ ಕಿಪ್ಪೂರ್ ದಿನ ಎದೆ ತಟ್ಟಿಕೊಂಡು ಹೇಳುವ ಪಾಪನಿವೇದನೆ ಅಕ್ಷರಕ್ರಮದಲ್ಲಿದೆ. ತೀರಿಕೊಂಡವರ ವಾರ್ಷಿಕ ದಿನದಂದು ಮನೆಯವರು ಸಮಾಧಿಯ ಬಳಿ 119ನೇ ಕೀರ್ತನೆಯನ್ನು ತೆರೆದು ಆ ವ್ಯಕ್ತಿಯ ಹೆಸರಿನ ಅಕ್ಷರಗಳ ಗುಚ್ಛಗಳನ್ನು ಓದುತ್ತಾರೆ. ಹೆಸರು ಮೋಶೆ ಎಂದಿದ್ದರೆ ಮೇಮ್, ಶಿನ್, ಹೇ ಎಂಬ ಮೂರು ಗುಚ್ಛ, 24 ವಚನ. ಆಮೇಲೆ ಆತ್ಮ ಎಂಬರ್ಥದ ‘ನೆಶಾಮಾ’ ಪದದ ನಾಲ್ಕು ಅಕ್ಷರಗಳಿಗೆ ಇನ್ನು 32.

ಬದುಕಿರುವವರೂ ತಮ್ಮ ಹೆಸರಿಗೆ ಒಂದು ವಚನ ಇಟ್ಟುಕೊಳ್ಳುತ್ತಾರೆ. ಹೆಸರಿನ ಮೊದಲ ಅಕ್ಷರದಿಂದ ಶುರುವಾಗಿ ಕೊನೆಯ ಅಕ್ಷರದಲ್ಲಿ ಮುಗಿಯುವ ಬೈಬಲ್ ವಚನವದು. ಅವ್ರಾಹಾಮ್ ಎಂಬವರಿಗೆ ಆಲೆಫ್‌ನಿಂದ ಮೇಮ್‌ಗೆ, ದಾವೀದ್ ಎಂಬವರಿಗೆ ದಾಲೆತ್‌ನಿಂದ ದಾಲೆತ್‌ಗೆ, ಸಾರಾ ಎಂಬವರಿಗೆ ಶಿನ್‌ನಿಂದ ಹೇ ಅಕ್ಷರಕ್ಕೆ. ನಿತ್ಯದ ನಿಂತು ಮಾಡುವ ಪ್ರಾರ್ಥನೆಯ ಕೊನೆಯಲ್ಲಿ ಅದನ್ನು ಹೇಳಿಕೊಳ್ಳುವ ವಾಡಿಕೆಯಿದೆ. ಸತ್ತ ಮೇಲೆ ನ್ಯಾಯತೀರ್ಪಿನ ದಿನ ನಿನ್ನ ಹೆಸರೇನೆಂದು ಕೇಳಿದಾಗ ಭಯಕ್ಕೆ ಹೆಸರೇ ಮರೆತುಹೋಗಬಾರದು, ನಾಲಿಗೆಯ ಮೇಲೆ ವಚನವಿದ್ದರೆ ಹೆಸರೂ ಇರುತ್ತದೆ ಎಂಬುದು ಇದಕ್ಕೆ ಕೊಡುವ ಕಾರಣ. ಯಾರಿಗೆ ಯಾವ ವಚನವೆಂದು ಹುಡುಕಿ ಪರದಾಡಬೇಕಿಲ್ಲ. ಹಲವು ಪ್ರಾರ್ಥನಾ ಪುಸ್ತಕಗಳ ಕೊನೆಯ ಪುಟಗಳಲ್ಲಿ ಇದಕ್ಕೆಂದೇ ಪಟ್ಟಿ ಅಚ್ಚು ಹಾಕಿರುತ್ತಾರೆ, ಅದೂ ಅಕ್ಷರಕ್ರಮದಲ್ಲಿ.